ಮುಟ್ಟಿ ತಂದ ಮದುವೆ ಬಟ್ಟೆ

ಮುಟ್ಟಿದ ಕೂಡಲೇ ಇದು ಹತ್ತಿ, ಇದು ಪಾಲಿಸ್ಟರ್ ಎಂದು ಹೇಳಲು ಕಲಿಯುವುದು ಒಂದು ವಾರದ ಕೆಲಸ ಎಂದು ಸೋಮವಾರ ಡೈರಿಯಲ್ಲಿ ಬರೆದೆ. ಕಾರಣ ಗಂಭೀರವಾಗಿತ್ತು. ಅಕ್ಕನಿಗೆ ಹರಿಹರದ ಗಂಡು ಗೊತ್ತಾಗಿತ್ತು. ಭಾವನಿಗೆ ಪಾಲಿಸ್ಟರ್ ತಾಗಿದರೆ ಮೈಯೆಲ್ಲ ಗಂಧೆ ಏಳುತ್ತದೆ. ಆರತಕ್ಷತೆಯ ಅಂಗಿಗೆ ಅಪ್ಪಟ ಹತ್ತಿ ಬಟ್ಟೆ ತರುವ ಹೊಣೆ ನನ್ನದು!

ಅಮ್ಮ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳು ಕತ್ತರಿಸಲು ತೆಗೆದಿಟ್ಟ ಬಟ್ಟೆಗಳನ್ನು, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮುಟ್ಟಿದೆ. ಶುಕ್ರವಾರದ ಹೊತ್ತಿಗೆ ಇಪ್ಪತ್ತಕ್ಕೆ ಇಪ್ಪತ್ತು ಸರಿ!

ಪಕ್ಕದ ಮನೆಯ ನಾಲ್ಕು ವರ್ಷದ ಸಾನಿಯಾ ಎದುರಿಗೆ ಕೂತು ಚೂರು ಬಟ್ಟೆಗಳನ್ನು ಎರಡು ಗುಡ್ಡೆ ಮಾಡುತ್ತಿದ್ದಳು.

“ಏನೇ ಇದು?”

“ಇದು ನಾನಿ. ಇದು ಛತ್ರಿ.”

ಅವಳ ಅಜ್ಜಿಯ ಹತ್ತಿ ಸೀರೆಯಂತಿದ್ದದ್ದು ನಾನಿ. ಕೊಡೆಯಂತೆ ಜಾರುವುದು ಛತ್ರಿ. ‘ವೈಜ್ಞಾನಿಕವಲ್ಲ’ ಎಂದು ಬರೆದುಕೊಂಡೆ.

ಶನಿವಾರ ಮಧ್ಯಾಹ್ನ ಮಂಡಿಪೇಟೆಗೆ ಹೋದೆ. ಅಂಗಡಿ ಬಾಗಿಲಲ್ಲಿ, ಬಿಸಿಲಿಗೆ ಇಟ್ಟಿದ್ದ ಬಟ್ಟೆಯ ಮೇಲೆ ಕಣ್ಣು ಮುಚ್ಚಿ ಕೈಯಿಟ್ಟೆ.

“ಅಪ್ಪಟ ಹತ್ತಿ!”

“ಕಾಟನ್ ಒಳಗೈತ್ರಿ, ಬರ್ರಿ,” ಎಂದ ಅಂಗಡಿಯವನು.

ಅದನ್ನೂ ಮುಟ್ಟಿದೆ. ತಣ್ಣಗಿತ್ತು. “ಇದು ಪಾಲಿಸ್ಟರ್. ಮೋಸ ಮಾಡಬ್ಯಾಡ್ರಿ.”

“ನಾನ್ಯಾಕ್ರಿ ಮೋಸ ಮಾಡ್ಲಿ? ಮೊದ್ಲು ಕಣ್ಣು ಬಿಡ್ರಿ!”

ಬಿಡಲಿಲ್ಲ. ಬಾಗಿಲಿನ ಬಟ್ಟೆಯನ್ನೇ ಕೊಂಡು, ಹರಿಹರದ ಬಸ್ಸು ಹತ್ತಿ, ನೇರವಾಗಿ ಭಾವನ ಟೈಲರಿಗೆ ಕೊಟ್ಟುಬಂದೆ. ಟೈಲರ್ ಬಟ್ಟೆ ಸವರಿ ನನ್ನ ಮುಖ ನೋಡಿದ. ಮೆಚ್ಚುಗೆ ಎಂದುಕೊಂಡೆ.

ಆರತಕ್ಷತೆಯಲ್ಲಿ ಭಾವ ಮೊದಲು ಕತ್ತು ಕೆರೆದುಕೊಂಡ. ಆಮೇಲೆ ಬೆನ್ನು. “ಕೈ ಕೆಳಗಿಡ್ರಿ ಸಾರ್” ಎಂದು ಹೇಳಿ ಹೇಳಿ ಫೋಟೋದವನು ಸುಸ್ತಾದ. ಅಷ್ಟರಲ್ಲಿ ಉಡುಗೊರೆ ಹಿಡಿದು ವೇದಿಕೆ ಹತ್ತಿದ ಸಾನಿಯಾ ಅವನ ತೋಳು ಮುಟ್ಟಿ, ಊಟದ ಹಾಲ್‌ವರೆಗೂ ಕೇಳುವಂತೆ ಕೂಗಿದಳು:

“ದುಲ್ಹಾ ಛತ್ರಿ ಹಾಕ್ಕಂಡಾನೆ!”

ಅಕ್ಕ ನನ್ನನ್ನು ನೋಡಿದ ನೋಟ ಡೈರಿಯಲ್ಲಿ ಬರೆಯುವಂಥದ್ದಲ್ಲ. ಅಮ್ಮ ಪಕ್ಕಕ್ಕೆ ಎಳೆದಳು.

“ಹೆಂಗೆ ಆರಿಸಿದ್ಯೋ ಇದನ್ನ?”

“ಬೆಚ್ಚಗಿತ್ತಮ್ಮ. ಮನೇಲೂ ಹತ್ತಿ ಬಟ್ಟೆ ಯಾವಾಗ್ಲೂ ಬೆಚ್ಚಗಿರ್ತಿತ್ತಲ್ಲ...”

“ಬೆಚ್ಚಗಿರದೆ? ಕತ್ತರಿಸೋ ಮುಂಚೆ ಹತ್ತಿಗೆ ಇಸ್ತ್ರಿ ಹಾಕ್ತೀನಲ್ಲೋ!”

ಅಂದರೆ ಇಪ್ಪತ್ತು ಸಲವೂ ನಾನು ಗುರುತಿಸಿದ್ದು ಇಸ್ತ್ರಿ ಪೆಟ್ಟಿಗೆಯನ್ನು!

ಬೇರೆ ಅಂಗಿಗೆ ಹುಡುಕಾಟ ನಡೆಯಿತು. ಸಾನಿಯಾ ಬಂದವರ ತೋಳುಗಳನ್ನೆಲ್ಲ ಸವರುತ್ತ ಬಂದು ನನ್ನ ಬಳಿ ನಿಂತಳು.

“ಈ ಅಣ್ಣಂದು ನಾನಿ.”

ಭಾವನೂ ನಾನೂ ಅಲ್ಲೇ ಕೋಣೆಗೆ ಹೋಗಿ ಅಂಗಿ ಬದಲಾಯಿಸಿಕೊಂಡೆವು. ಆಮೇಲಿನ ಫೋಟೋಗಳಲ್ಲಿ ಭಾವ ನಗುತ್ತಿದ್ದಾನೆ. ಪಕ್ಕದಲ್ಲಿ ಒಂದು ಛತ್ರಿ ಬೆವರುತ್ತ ನಿಂತಿದೆ.