ಇದ್ರಾಗ ಹೊಸಾದೇನೈತಿ?

ಹಾಲೇಶನ ಫೋನಿಗೆ ವರ್ಷ ತುಂಬಿತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ವರ್ಷ ತುಂಬಿದ ಫೋನೆಂದರೆ ಮೂರು ದಿನದ ಸಾರಿನಷ್ಟೇ ಅಸಹ್ಯ. ಹೊಸ ಮಾಡೆಲ್ ಬಂದ ಮರುದಿನ ಬೆಳಿಗ್ಗೆಯೇ ಹೊಸಪೇಟೆ ಬಸ್ ನಿಲ್ದಾಣದ ಎದುರಿಗಿದ್ದ ಅಂಜಿನಯ್ಯನ ಅಂಗಡಿಗೆ ಹಾಜರಾದ.

“ಇದ್ರಾಗ ಹೊಸಾದೇನೈತಿ?”

“ಕ್ಯಾಮೆರಾ ಚೂರು ಸುಧಾರಿಸ್ಯಾರ್ರಿ. ಅಂಚು ಚೂರು ದುಂಡಗ ಮಾಡ್ಯಾರ.”

“ಅಷ್ಟೇನಾ? ಬಿಸಿಲಾಗ ಇಟ್ರ ತಾನ ಚಾರ್ಜ್ ಆಗ್ತೈತೇನು? ನನ್ನ ಮನಸ್ಸಿನಾಗ ಏನೈತಂತ ತಿಳೀತೈತೇನು?”

“ಅದು ನಿಮ್ ಮನಿಯಾಕಿಗೂ ತಿಳಿಯಂಗಿಲ್ ಬಿಡ್ರಿ.”

“ಥೂ! ಕಂಪನಿಯವ್ರು ವರ್ಷಪೂರ್ತಿ ಮಲಗಿದ್ರೇನು?” ಎಂದು ಬೈಯುತ್ತಲೇ ಹಾಲೇಶ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ಕೊಂಡ. ಅಂಜಿನಯ್ಯ ಎರಡನ್ನೂ ಒರೆಸಿ ಪಕ್ಕಪಕ್ಕ ಇಡುವಷ್ಟರಲ್ಲಿ ಕಂಪ್ಲಿ ಬಸ್ಸು ಹೊರಟಿತು. ಹಾಲೇಶ ಫೋನು, ಡಬ್ಬಿ ಬಾಚಿಕೊಂಡು ಓಡಿದ.

ಬಸ್ಸಿನಲ್ಲಿ ಕುಳಿತು ಹೆಬ್ಬೆರಳಿಟ್ಟರೆ ಏನಾಶ್ಚರ್ಯ! ಫೋನು ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ, ಹಳೆಯ ಸೊಸೆಯಂತೆ ತಟ್ಟನೆ ಬಾಗಿಲು ತೆರೆಯಿತು. ಫೋಟೊಗಳೂ ನಂಬರುಗಳೂ ಆಗಲೇ ಒಳಗೆ ಬಂದು ಕುಳಿತಿದ್ದವು. ಅಂಜಿನಯ್ಯನಿಂದ ಮೂರು ಸಲ ಕರೆ ಬಂತು. ‘ಕವರ್ ಮಾರಾಕ ಮಾಡ್ತಾನ’ ಎಂದು ಹಾಲೇಶ ಕತ್ತರಿಸಿದ.

ಗಿರಣಿಯಲ್ಲಿ ಜನ ಸೇರಿದರು. ಹಮಾಲಿ ಓಬಳಪ್ಪ ಫೋನನ್ನು ಅಂಗೈಯಲ್ಲಿ ತೂಗಿ, “ಭಾರಿ ಹಗುರ ಐತಿ ನೋಡ್ರಲೇ!” ಎಂದ. ಅಕ್ಕಿ ಆರಿಸುವ ಯಲ್ಲಕ್ಕ ತನ್ನ ಫೋಟೊ ತೆಗೆಸಿಕೊಂಡು, “ಹೋದ ವರ್ಷದ್ರಾಗ ನಾ ಇಷ್ಟು ಬೆಳ್ಳಗಿರ್ಲಿಲ್ಲ” ಎಂದಳು.

ಗಲಾಟೆ ಕೇಳಿ ಮಾಲೀಕ ಉಜ್ಜಿನಪ್ಪ ಹೊರಬಂದರು. ಸಿಟ್ಟು ಬಂದರೆ ಕೈಯಲ್ಲಿದ್ದುದನ್ನು ಎಸೆಯುವುದು ಅವರ ಹುಟ್ಟುಗುಣ. ಅದೇ ಮಾಡೆಲನ್ನು ಅವರು ಹಿಂದಿನ ಸಂಜೆ ಅಂಜಿನಯ್ಯನ ಅಂಗಡಿಯಿಂದಲೇ ತರಿಸಿದ್ದರು.

“ನಂದು ಎಂಟು ಸಲ ಹೆಬ್ಬಟ್ಟು ಕೇಳ್ತಲ್ಲೋ!”

“ನಂದು ಏನೂ ಕೇಳ್ಲಿಲ್ರಿ. ಮುಟ್ಟಿದ ಕೂಡ್ಲೇ ಗುರುತು ಹಿಡೀತು.” ಎಲ್ಲರ ಕಣ್ಣೂ ತನ್ನ ಮೇಲಿರುವುದು ಕಂಡು ಹಾಲೇಶನಿಗೆ ಉಮೇದು ಬಂತು. “ಸಾವ್ಕಾರ್ರ, ನಿಮಗ ಡೂಪ್ಲಿಕೇಟ್ ಕೊಟ್ಟಾನ್ರಿ!”

ಮುಂದಿನ ಕ್ಷಣ ಸಾಹುಕಾರರ ಫೋನು ಭತ್ತ ಕುದಿಯುವ ತೊಟ್ಟಿಯಲ್ಲಿ ಬುಳುಕ್ ಎಂದಿತು.

“ಕಾರು ಹತ್ತಲೇ! ಅವನ ಅಂಗಡಿಗೇ ಬೀಗ ಹಾಕಿಸ್ತೀನಿ!”

ಹಾಲೇಶ ಮುಂದಿನ ಸೀಟಿನಲ್ಲಿ ಸೇನಾಪತಿಯಂತೆ ಕುಳಿತ. ಅಂಗಡಿಗೆ ಕಾಲಿಡುತ್ತಲೇ ಅಂಜಿನಯ್ಯ ಕೈ ಮುಗಿದ.

“ಎಷ್ಟು ಫೋನ್ ಮಾಡೋದ್ರಿ ಹಾಲೇಶಣ್ಣ! ಹೊಸಾದು ಇಲ್ಲೇ ಬಿಟ್ಟು, ಸಿಮ್ಮಿನ ಸಮೇತ ನಿಮ್ ಹಳೇದನ್ನ ಒಯ್ದೀರಲ್ರೀ!”

ಉಜ್ಜಿನಪ್ಪ ನಿಧಾನಕ್ಕೆ ಹಾಲೇಶನತ್ತ ತಿರುಗಿದರು. ಕೈ ಚಾಚಿ ಗಾಜಿನ ಮೇಲಿದ್ದ ಹೊಸ ಫೋನನ್ನು ಎತ್ತಿ ಜೇಬಿಗಿಳಿಸಿದರು.

“ಎಕ್ಸ್‌ಚೇಂಜ್ ಬಿಲ್ ಆಗೈತ್ರಿ,” ಎಂದು ಅಂಜಿನಯ್ಯ ಸಂಕೋಚದಿಂದಲೇ ಹಳೆಯದನ್ನು ಹಾಲೇಶನ ಕೈಯಿಂದ ಬಿಡಿಸಿಕೊಂಡು, ಸಿಮ್ಮನ್ನು ತೆಗೆದು ಅವನ ಅಂಗೈಯಲ್ಲಿಟ್ಟ.

ಕಾರು ಹತ್ತುವ ಮುನ್ನ ಸಾಹುಕಾರರು ಹೊಸ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಖರೇ ಹೇಳಲೇ ಹಾಲೇಶ, ಇದ್ರಾಗ ಹೊಸಾದೇನೈತಿ?”

ಹಾಲೇಶ ಖಾಲಿ ಡಬ್ಬಿಯನ್ನು ಎದೆಗವಚಿಕೊಂಡ.

“ಮಾಲೀಕ್ರು, ರೀ.”