ಕೀಲಿಗೆ ಬೈದ ನಮ್ಮತ್ತೆ

ನಮ್ಮತ್ತೆ ಇಷ್ಟು ವರ್ಷದ ಬಾಳಿನಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೂ ಬೈದವಳಲ್ಲ. ಸವಣೂರಿನಲ್ಲಿ ಈ ಮಾತು ಹೇಳಿ ನೋಡಿ, ಬಾಯಲ್ಲಿದ್ದ ಕುರುಕಲು ಖಾರ ಉಗುಳಿ ನಗುತ್ತಾರೆ. ಆದರೂ ಇದು ಸತ್ಯ! ಅವಳು ಬೈಯುವುದು ದೀಪದ ಕಂಬಕ್ಕೆ, ನಲ್ಲಿಗೆ, ಗಟಾರಕ್ಕೆ, ರಸ್ತೆಯ ತಗ್ಗಿಗೆ. ಆ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಸಾಹೇಬರು ನಿಂತಿದ್ದು, ಅವರಿಗೆ ಬೆವರು ಕಿತ್ತುಕೊಂಡು ಬಂದರೆ ಅದು ಬಿಸಿಲಿನ ತಪ್ಪು.

ಅತ್ತೆ ಎಂದರೆ ಅಪ್ಪನ ಅಕ್ಕ. ಸವಣೂರಿನ ತೋಟದ ವೀಳ್ಯದೆಲೆಯನ್ನು ಬುಟ್ಟಿಗೆ ತುಂಬಿಕೊಂಡು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ವಾರಕ್ಕೊಮ್ಮೆ ಅಕ್ಕಿಆಲೂರಿನ ಸಂತೆಗೆ ಬರುತ್ತಾಳೆ. ಸಂತೆಯ ಮಗ್ಗುಲಲ್ಲೇ ನನ್ನ ಝೆರಾಕ್ಸ್ ಅಂಗಡಿ. ಸಂತೆಯ ದಿನ ಅವಳದು ಕಡು ಉಪವಾಸ. ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಚಹಾ ತರಿಸಿದರೆ ‘ಬ್ಯಾಡೋ ತಮ್ಮಾ, ನೀನ ಕುಡಿ’ ಎಂದು ಕಪ್ಪನ್ನು ನನ್ನ ಕಡೆಗೇ ಸರಿಸುತ್ತಾಳೆ. ಅದು ಯಾವ ದೇವರ ವ್ರತವೋ, ಕೇಳುವ ಧೈರ್ಯ ಯಾರಿಗಿದೆ? ಇಂಥ ಬಾಯಿಯವಳಿಗೆ ಇಷ್ಟೊಂದು ಭಕ್ತಿಯೇ ಎಂದು ಮನೆಮಂದಿಯೆಲ್ಲ ಬೆರಗಾಗಿದ್ದೆವು.

ಮೊದಲ ಬೈಗುಳ ಬಿದ್ದದ್ದು ಅವಳ ಓಣಿಯ ಕಂಬಕ್ಕೆ. ಅದರ ದೀಪ ಹೋಗಿ ಎಷ್ಟೋ ಕಾಲವಾಗಿತ್ತು. ಅರ್ಜಿ ಕೊಟ್ಟವರೆಲ್ಲ ಸುಸ್ತಾಗಿ ಕೂತಿದ್ದರು. ಒಂದು ಮುಂಜಾನೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಗಿಸಿ ಕಂಬದೆದುರು ನಿಂತಳು.

‘ಏನಪಾ ಕಂಬಣ್ಣ, ಆರಾಮ ಅದಿಯೇನು? ನಿಂತ ನಿಂತ ಕಾಲ ನೋಯಾಕತ್ತಾವೇನು? ಖುರ್ಚಿ ತರಸ್ಲ್ಯಾ, ಫ್ಯಾನ ಹಚ್ಚಸ್ಲ್ಯಾ? ಕೆಲಸಿಲ್ಲ, ಬಗಸಿಲ್ಲ, ಪಗಾರ ಮಾತ್ರ ತಪ್ಪಂಗಿಲ್ಲ ನಿಂದು!’

ಓಣಿ ತುಂಬ ಜನ. ಮೊಬೈಲುಗಳೆಲ್ಲ ಮೇಲೆದ್ದವು. ಕಂಬ ಮಾತ್ರ ತಲೆ ಎತ್ತಿಕೊಂಡೇ ನಿಂತಿತ್ತು, ಪಾಪ, ಅದಕ್ಕೆ ನಾಚಿಕೆಯಿಲ್ಲ. ನಾಚಿಕೆಯಿದ್ದ ಪುರಸಭೆಯ ಸಾಹೇಬರೊಬ್ಬರು ಪೊಲೀಸ್ ಠಾಣೆಗೆ ದೂರು ಒಯ್ದರು.

‘ಯಾರಿಗಿ ಬೈದಾಳ್ರಿ?’ ಎಂದು ಕೇಳಿದರು ಠಾಣೆಯಲ್ಲಿ.

‘ಕಂಬಕ್ಕರಿ.’

‘ಹಂಗಾರ ಕಂಬಾನ ಕರಕೊಂಡ ಬರ್ರಿ, ಕಂಪ್ಲೇಂಟ ಬರಕೋತೇನಿ.’

ಮರುದಿನವೇ ದೀಪ ಹತ್ತಿತು. ಅತ್ತೆಯೂ ಮರೆಯಲಿಲ್ಲ. ಹೊಸ ಟವೆಲು, ತೆಂಗಿನಕಾಯಿ ತಂದು ಕಂಬಕ್ಕೆ ಬೀಗರಿಗೆ ಮಾಡುವಂತೆ ಆಹೇರಿ ಮಾಡಿದಳು! ಅದೇ ಅವಳ ರೂಢಿಯಾಯಿತು. ಮೊದಲು ಬೈಗುಳ, ಕೆಲಸವಾದ ಮೇಲೆ ಮರ್ಯಾದೆ. ಮುಂದೆ ಬತ್ತಿದ ನಲ್ಲಿಗೆ ನೀರು ಬಂದಾಗ ಖಣ, ಕಾಯಿ, ಎಲೆ, ಅಡಿಕೆಯಿಟ್ಟು ಉಡಿಯನ್ನೇ ತುಂಬಿದಳು. ‘ಬೈದೆ ಅಂತ ಮನಸಿಗೆ ಹಚಗೋಬ್ಯಾಡವಾ, ನೀ ನಮ್ಮನಿ ಮಗಳ ಇದ್ದಂಗ’ ಎಂದು ನಲ್ಲಿಯ ತಲೆ ಸವರಿದಳಂತೆ.

ಕೀರ್ತಿ ಹಬ್ಬಲು ತಡವೇ? ಶಿಗ್ಗಾವಿಯಿಂದ ಫೋನು ಬಂತು: ‘ನಮ್ಮ ಕಡೆ ಒಂದ ಗಟಾರ ಐತ್ರಿ, ಬಂದ ಬೈದ ಹೋಗ್ರಿ.’ ಹಿರೇಕೆರೂರಿನವರು ಹೋಗಿ ಬರುವ ಖರ್ಚನ್ನೂ ಕೊಡುತ್ತೇವೆಂದರು. ಉದ್ದ ಜುಬ್ಬಾದ ಕಲಾವಿದರೊಬ್ಬರು ಸಂತೆಗೇ ಬಂದು, ಎಲೆಯ ಬುಟ್ಟಿಯೆದುರು ನಿಂತು, ಇದು ಬರೀ ಬೈಗುಳವಲ್ಲ, ಪ್ರದರ್ಶನ ಕಲೆ, ಪ್ರತಿರೋಧದ ದೇಹಭಾಷೆ ಎಂದೆಲ್ಲ ವಿವರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, ‘ಎಲಿ ತಗೊಳ್ಳಾವ್ರೇನ್ರಿ? ಇಲ್ಲಂದ್ರ ಒಂಚೂರ ಸರದ ನಿಂದರ್ರಿ, ಗಿರಾಕಿಗೆ ಅಡ್ಡ ಆಗತೈತಿ’ ಎಂದಳು.

ಇಷ್ಟೆಲ್ಲ ಗೆದ್ದ ಅತ್ತೆ ಸೋತು ಕೂತದ್ದು ಒಂದು ಕೀಲಿಯ ಮುಂದೆ, ಬರೀ ಒಂದು ಬೀಗದ ಮುಂದೆ. ಸಂತೆಯ ಮೂಲೆಯಲ್ಲಿ ಹೆಂಗಸರಿಗೆಂದು ಪಾಯಖಾನೆ ಕಟ್ಟಿಸಿದ್ದರು. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆಸಿಕೊಂಡರು, ಕೀಲಿ ಜಡಿದು ಹೋದರು. ಯಾಕೆ ಗೊತ್ತೆ? ಜನ ಬಳಸಿದರೆ ಹೊಲಸಾಗುತ್ತದಂತೆ! ಹೀಗೆ ಅದು ಕಟ್ಟಿದ ದಿನದಷ್ಟೇ ಶುಭ್ರವಾಗಿ ಉಳಿದಿತ್ತು. ಒಂದು ಸಂತೆಯ ದಿನ ಖಾರ ಮಾರುವ ಮುದುಕಿ ತಡೆಯಲಾರದೆ ಮರೆ ಹುಡುಕಿಕೊಂಡು ಹೋಗಿ, ಕಾಲುವೆಯ ದಂಡೆಯಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಬಂದಳು. ಅತ್ತೆ ಬುಟ್ಟಿ ಬಿಟ್ಟು ಎದ್ದಳು.

‘ಕೀಲಿಯಪ್ಪಾ, ನೀ ಭಾಳ ಪುಣ್ಯವಂತ ನೋಡು. ನಿನಗ ಒಂದಕ್ಕ ಬರಂಗಿಲ್ಲ, ಎರಡಕ್ಕ ಬರಂಗಿಲ್ಲ. ಬಾಗಲಾ ಹಿಡಕೊಂಡ ಜೋಕಾಲಿ ಆಡಾಕತ್ತಿ!’

ಜನ ನಕ್ಕರು, ವಿಡಿಯೋ ಮಾಡಿಕೊಂಡರು. ಕೀಲಿ ಅಲುಗಲಿಲ್ಲ. ಮುಂದಿನ ವಾರ ಬೈದಳು, ಅದರ ಮುಂದಿನ ವಾರವೂ ಬೈದಳು. ಪಂಚಾಯಿತಿಯ ಸಾಹೇಬರು ಬಂದು ‘ಕೀಲಿಕೈ ಕಳದೈತ್ರಿ ಯವ್ವಾ’ ಎಂದು ಕೈ ಚೆಲ್ಲಿದರು. ಅತ್ತೆ ಅಂದು ಮರುಮಾತಾಡಲಿಲ್ಲ. ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿ ಹೆದರಿಕೆಯಾಯಿತು.

ಮುಂದಿನ ಸಂತೆಗೆ ಬಂದವಳೇ ಎಲೆಯ ಬುಟ್ಟಿಯನ್ನು ಪಾಯಖಾನೆಯ ಬಾಗಿಲಿಗೇ ಇಟ್ಟು ಕೂತಳು. ಮಗ್ಗುಲಲ್ಲಿ ಖಾರದ ಮುದುಕಿ. ಆಮೇಲೆ ಬದನೆಕಾಯಿ, ಮೆಣಸಿನಕಾಯಿ, ಬಳೆ, ಹೂವು, ಹೀಗೆ ಮಾರುವ ಹೆಂಗಸರೆಲ್ಲ ಅಲ್ಲಿಗೇ ಬಂದರು. ಸಂತೆಯೇ ಪಾಯಖಾನೆಯೆದುರು ನೆರೆಯಿತು! ಸಾಹೇಬರ ಮನೆಯವರೂ ಮೂಗಿಗೆ ಸೆರಗು ಹಿಡಿದುಕೊಂಡು ಅಲ್ಲಿಗೇ ಬಂದು ಕೊತ್ತಂಬರಿ ಕೊಳ್ಳಬೇಕಾಯಿತು. ಮಧ್ಯಾಹ್ನದೊಳಗೆ ಕೀಲಿಕೈ ಸಿಗಲಿಲ್ಲ, ಸುತ್ತಿಗೆ ಸಿಕ್ಕಿತು.

ಕೀಲಿ ಮುರಿದು ಬಿತ್ತು. ಈಗ ಬಾಗಿಲಿಗೆ ಆಹೇರಿಯೋ, ಉಡಿಯೋ ಎಂದು ಜನ ಮೊಬೈಲು ಹಿಡಿದು ಕಾದರು. ಅತ್ತೆ ಅವರ ಕಡೆ ತಿರುಗಿಯೂ ನೋಡದೆ ನೆಟ್ಟಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

‘ತಮ್ಮಾ, ಒಂದ ತಂಬಿಗಿ ನೀರ ಕೊಡು.’

ನಾನು ಬೆಪ್ಪಾದೆ. ‘ಅತ್ತಿ, ಇವತ್ತ ಸಂತಿ ಅಲ್ಲೇನು? ನಿನ್ನ ವ್ರತ?’

‘ಯಾ ವ್ರತಾನೋ ಹುಚ್ಚಪ್ಪಾ? ನೀರ ಕುಡದ್ರ ಎಲ್ಲಿ ಹೋಗಬೇಕಿತ್ತು ನಾ?’

ಇಷ್ಟು ವರ್ಷದ ಬಿಸಿಲು ಒಮ್ಮೆಲೇ ನನ್ನ ಗಂಟಲಿಗೆ ಬಂದಂತಾಯಿತು. ತಂಬಿಗೆ ಕೊಟ್ಟೆ. ಊರನ್ನೆಲ್ಲ ನಡುಗಿಸಿದ ಆ ಬಾಯಿ, ಎತ್ತಿ ಹಿಡಿದ ತಂಬಿಗೆಯಿಂದ ಗಟಗಟ ನೀರು ಕುಡಿಯಿತು. ಗದ್ದದಿಂದ ಇಳಿದು ಸೆರಗು ತೊಯ್ದರೂ ಅವಳು ನಿಲ್ಲಿಸಲಿಲ್ಲ. ಬರಿದಾದ ತಂಬಿಗೆಯನ್ನು ನನ್ನ ಕೈಗಿಟ್ಟು, ಬಾಯೊರೆಸಿಕೊಂಡು, ಹೊಸ ಸೊಸೆಯಂತೆ ಮೆಲ್ಲಗೆ ಕೇಳಿದಳು:

‘ಚಾ ತರಸ್ತಿಯೇನೋ? ಕಪ್ಪ ತುಂಬ ಹೇಳು.’