ಹಸಿದ ಹೆಣಗಳೂ ನಮ್ಮ ಸೋದರತ್ತೆಯೂ

ನಮ್ಮ ಸೋದರತ್ತೆಗೆ ನಾಚಿಕೆ ಎಂಬುದೇ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ಇಷ್ಟು ವರ್ಷ ನಾನೇ ಪಟ್ಟಿದ್ದೇನೆ. ಕೃಷ್ಣರಾಜನಗರದಲ್ಲಿ ಹೈಸ್ಕೂಲ್ ಮೇಷ್ಟರಾಗಿರುವವನ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬೆಳಗಾಗೆದ್ದು ಜೋಂಬಿ ಸಿನಿಮಾ ಹಾಕಿಕೊಂಡು ಕೂತರೆ ಅವನು ಮುಖವನ್ನು ಎಲ್ಲಿಟ್ಟುಕೊಳ್ಳಬೇಕು, ನೀವೇ ಹೇಳಿ!

ತಪ್ಪು ನನ್ನದೇ ಅನ್ನಿ. ಸಾಲಿಗ್ರಾಮದಲ್ಲಿ ಮಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತೆಯನ್ನು ಮನೆಗೆ ಕರೆತಂದು, ದೇವರನಾಮ ಕೇಳಿಕೊಂಡಿರಲಿ ಎಂದು ಒಂದು ಫೋನು ಕೊಟ್ಟೆ. ದೇವರನಾಮ ಮುಗಿದ ಮೇಲೆ ಅದರ ಪಾಡಿಗೆ ಅದು ಇನ್ನೇನನ್ನೋ ತೋರಿಸಿತು. ಸತ್ತವರು ಗೋರಿಯಿಂದೆದ್ದು, ಕತ್ತು ವಾಲಿಸಿಕೊಂಡು, ಕಾಲೆಳೆಯುತ್ತ ಊರ ಮೇಲೆ ಬರುತ್ತಿದ್ದರು. ಅತ್ತೆ ಅವತ್ತು ಕೂತವರು ಊಟಕ್ಕೂ ಏಳಲಿಲ್ಲ. ಭಾಷೆ ತಿಳಿಯದಿದ್ದರೇನು, ಜೋಂಬಿಗಳು ಮಾತಾಡುವುದೇ ಇಲ್ಲವಲ್ಲ!

ಅವರಿಗೆ ಕಿವಿ ಮಂದ, ಹಾಗಾಗಿ ಸದ್ದು ಜೋರು. ಒಂದು ದಿನ ಪಕ್ಕದ ಮನೆಯವರು ಎಳನೀರು ಹಿಡಿದುಕೊಂಡು ಬಂದು, ಬೆಳಿಗ್ಗೆಯಿಂದ ನರಳುತ್ತಿದ್ದಿರಲ್ಲ ಮೇಷ್ಟ್ರೇ, ಈಗ ಹೇಗಿದೆ ಎಂದು ವಿಚಾರಿಸಿದರು. ನರಳಿದ್ದು ಜೋಂಬಿ ಎನ್ನಲು ನನಗೆ ನಾಲಗೆ ಏಳಲಿಲ್ಲ. ಹೊಟ್ಟೆನೋವು ಎಂದು ಹೇಳಿ ಅವರೆದುರಿಗೇ ಎಳನೀರು ಕುಡಿದೆ.

ನಮ್ಮ ದೆವ್ವಗಳಿಗೇನು ಬಂದಿತ್ತು ರೋಗ, ಹುಣಸೇಮರಕ್ಕೊಂದರಂತೆ ಇಲ್ಲವೇ ಎಂದು ಒಮ್ಮೆ ಕೇಳಿದೆ. ಅತ್ತೆ ಮೂಗು ಮುರಿದರು. ನಮ್ಮ ದೆವ್ವಗಳದ್ದು ಬರೀ ರಗಳೆಯಂತೆ. ಮೈಮೇಲೆ ಬಂದು ಸೀರೆ ಕೇಳುತ್ತವೆ, ಕೋಳಿ ಕೇಳುತ್ತವೆ, ಓರಗಿತ್ತಿಯ ಮೇಲಿನ ಹಳೇ ಹಗೆ ತೀರಿಸಿಕೊಳ್ಳುತ್ತವೆ. ಇವು ಹಾಗಲ್ಲ. ಜಾತಿ ಕೇಳದೆ, ಬಡವ ಬಲ್ಲಿದ ನೋಡದೆ ಒಟ್ಟಿಗೆ ನಡೆಯುತ್ತವೆ. ಒಂದು ಎಡವಿ ಬಿದ್ದರೆ ಇನ್ನೊಂದು ನಗುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಇಷ್ಟು ಒಗ್ಗಟ್ಟು ಕಂಡಿಲ್ಲ, ಆದರೂ ಒಪ್ಪಿಕೊಳ್ಳಲಿಲ್ಲ.

“ಯಾರ್ ಮ್ಯಾಲೂ ದ್ವೇಸ ಇಲ್ಲ ಕಣಪ್ಪ ಅವಕೆ,” ಎಂದರು ಅತ್ತೆ. “ಹಸ್ದವೆ, ಅಷ್ಟೆಯಾ.”

ಆಮೇಲೆ ಬಂತು ಅವರ ಸಿದ್ಧಾಂತ. ಮಾರ್ನಮಿ ಅಮಾವಾಸ್ಯೆಗೆ ನಾವು ಸತ್ತ ಹಿರಿಯರಿಗೆಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆಯಿಟ್ಟು, ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವಲ್ಲ, ಆ ಸಿನಿಮಾದ ದೇಶದವರು ಅದನ್ನು ಮಾಡುವುದಿಲ್ಲವಂತೆ. ಸತ್ತವರು ಹಸಿವು ತಾಳಲಾರದೆ ಎದ್ದು ಬರುತ್ತಾರಂತೆ. ಒಂದು ಎಲೆ ಹಾಕಿದ್ದರೆ ಮುಗಿದುಹೋಗುತ್ತಿತ್ತು, ಅದಕ್ಕೆ ಬಂದೂಕು ಯಾಕೆ ಬೇಕು ಎಂದು ನನ್ನನ್ನೇ ಕೇಳಿದರು. ನಾನೇನು ಗುಂಡು ಹಾರಿಸಿದವನೇ?

ಅವತ್ತಿನಿಂದ ಸಿನಿಮಾ ನೋಡುವಾಗಲೆಲ್ಲ ಫೋನಿನ ಮುಂದೆ ಒಂದು ಬಟ್ಟಲು ಅವಲಕ್ಕಿ ಇಡತೊಡಗಿದರು. ಒಮ್ಮೆ ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದವರು, ತಮಗೇ ಇಟ್ಟದ್ದೆಂದು ತಿಳಿದು ಬಟ್ಟಲಿಗೆ ಕೈ ಹಾಕಿದರು. ಅತ್ತೆ ಬಟ್ಟಲನ್ನು ಈಚೆಗೆ ಎಳೆದುಕೊಂಡು, “ಅದು ಸತ್ತೋರ್ಗೆ ಸ್ವಾಮಿ. ನಿಮ್ಗಿನ್ನೂ ಟೇಮದೆ,” ಎಂದರು. ಅವರು ಕಾಫಿಯನ್ನೂ ಕುಡಿಯದೆ ಹೋದರು.

ಇನ್ನು ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆಯ ಆ ಬೀಗರ ಊಟ! ನಮ್ಮ ಪಂಕ್ತಿ ಇನ್ನೂ ಉಣ್ಣುತ್ತಿರುವಾಗಲೇ ಮುಂದಿನವರಿಗೆ ಬಾಗಿಲು ತೆಗೆದದ್ದೇ ತಡ, ಜನ ಒಬ್ಬರ ಮೇಲೊಬ್ಬರು ಬಿದ್ದು ಊಟದ ಹಾಲಿಗೆ ನುಗ್ಗಿದರು. ಆಗಲೇ ಕೂತಿದ್ದ ಅತ್ತೆ, ಥೇಟ್ ಅವೇ ನೋಡು, ಅಂಗೇ ಬತ್ತಾವೆ ಎಂದು ಇಡೀ ಪಂಕ್ತಿಗೆ ಕೇಳುವಂತೆ ಕೂಗಿದರು. ಪಕ್ಕದಲ್ಲಿದ್ದ ಬೀಗರು ಯಾವುವು ಎಂದು ಕೇಳಿದರು. ಅತ್ತೆ ಹಲ್ಲು, ಉಗುರು, ಕರುಳು ಯಾವುದನ್ನೂ ಬಿಡದೆ ವಿವರಿಸಿದರು. ಬೀಗರು ಬಾಯಿಗಿಟ್ಟಿದ್ದ ಮೂಳೆಯನ್ನು ಮೆಲ್ಲಗೆ ಎಲೆಯ ಮೇಲಿಟ್ಟರು. ನಾನು ಮುದ್ದೆಯಿಂದ ಕಣ್ಣೆತ್ತಲಿಲ್ಲ.

ಈ ಸಲದ ಮಾರ್ನಮಿಗೆ ಅಪ್ಪ, ಅಮ್ಮ, ತಾತನ ಫೋಟೊಗಳ ಮುಂದೆ ಎಲೆ ಹಾಕಿದೆವು. ಅಮ್ಮನಿಗೆ ಕಜ್ಜಾಯ, ಅಪ್ಪನಿಗೆ ಮಟನ್ ಸಾರು, ತಾತನಿಗೆ ಒಂದು ಕಟ್ಟು ಬೀಡಿ. ಬಾಗಿಲೆಳೆದುಕೊಂಡು ಜಗಲಿಗೆ ಬಂದೆವು. ಅಂಗಳದ ತುಂಬ ದಾಯಾದಿಗಳಿದ್ದರು. ಇನ್ನೇನು ಮಾನ ಕಳೆಯುತ್ತಾರೋ ಎಂದು ನಾನು ಹೆದರುತ್ತಿರುವಾಗಲೇ ಅತ್ತೆ ನನ್ನ ತೋಳು ಹಿಡಿದು ಮೂಲೆಗೆ ಕರೆದರು. ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿ ತಿರುಚುತ್ತ ನೆಲ ನೋಡುತ್ತಿದ್ದರು.

“ನಾನು ಈ ಮನೆಯಿಂದ ಲಗ್ನ ಆಗಿ ಹೋದೋಳು, ಇಲ್ಲಿ ನಂಗೆ ಎಲೆ ಇಲ್ಲ. ಅಲ್ಲಿ ಗಂಡನ ಮನೇಲಿ ಹಾಕಾಕೆ ಮಕ್ಕಳಿಲ್ಲ,” ಎಂದರು. “ಸತ್ ಮ್ಯಾಕೆ ನಾನೂ ಅವುಗಳಂಗೆ ಹಸ್ಕಂಡು ತಿರುಗ್ತೀನೇನೋ ಅಂತ ಎದ್ರಿಕೆ ಆಯ್ತದೆ ಕಣಪ್ಪ.”

ಇಷ್ಟು ದಿನ ಅವರು ನೋಡುತ್ತಿದ್ದುದು ಬರೀ ಸಿನಿಮಾ ಎಂದುಕೊಂಡಿದ್ದೆನಲ್ಲ! ಹೆಡ್‌ಮಾಸ್ಟರ ಮುಂದೆ, ಬೀಗರ ಮುಂದೆ ಪಟ್ಟ ನಾಚಿಕೆಯೆಲ್ಲ ಅವತ್ತಿನದರ ಮುಂದೆ ಏನೂ ಅಲ್ಲ. ಒಂದೇ ಮನೆಯಲ್ಲಿ ದಿನವೂ ಜೊತೆಗೆ ಉಣ್ಣುವವನು ನಾನು, ಅವರಿಗೊಂದು ಎಲೆ ಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅಂಗಳದ ಕಡೆ ತಿರುಗಿದೆ.

“ಕೇಳ್ರಪ್ಪ ಎಲ್ರೂ,” ಎಂದೆ, ಕ್ಲಾಸಿನಲ್ಲಿ ಪಾಠ ಮಾಡುವಷ್ಟು ಜೋರಾಗಿ. “ನಮ್ಮತ್ತೆಗೆ ಈ ಮನೇಲೇ ಎಲೆ. ಅಪ್ಪನ ಪಕ್ಕದಲ್ಲೇ ಹಾಕ್ತೀನಿ. ಫೋನೂ ಇಡ್ತೀನಿ, ಚಾರ್ಜ್ ಮಾಡಿ.”

ಎಲ್ಲರೂ ತಿರುಗಿ ನಮ್ಮನ್ನೇ ನೋಡಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

“ಮೆಲ್ಗೆ ಹೇಳೋ,” ಎಂದರು. “ನಾಚ್ಕೆ ಆಯ್ತದೆ.”